ಪಂಪ್‌ಹೌಸಿನ ಕರಿ ಡಬ್ಬಿ

ಹಾಲಿನ ಡಿಗ್ರಿ ಮತ್ತೆ ಕಮ್ಮಿ ಬಂತು, ನೀರು ಬೆರೆತಿದೆ ಎಂದು ಗೋವಿನಕೋವಿಯ ಡೈರಿಯಿಂದ ಸುದ್ದಿ ಬಂದಾಗ ಹುಲಿಗೆಮ್ಮ ಸೊಸೆಯ ಮುಖ ನೋಡಲಿಲ್ಲ, ಕೈ ನೋಡಿದಳು. ಹಸು ಕರೆಯುವವಳು ಆಶಾ. ಬೈಕಿನಲ್ಲಿ ಕ್ಯಾನು ಒಯ್ಯುವವನು ಮಗ ಕಲ್ಲೇಶ್. ಮಗ ನೀರು ಬೆರೆಸುವವನಲ್ಲ ಎಂದಮೇಲೆ ಉಳಿದವಳು ಒಬ್ಬಳೇ.

"ಯಾರ ಮನೆಗೆ ಕದ್ದು ಹಾಕ್ತೀಯವ್ವ ಹಾಲು?"

"ನಾಳೆ ನೀವೇ ಮುಂದೆ ಕುಂತ್ಕಂಡು ನೋಡ್ರಿ ಅತ್ತೆ."

ಹುಲಿಗೆಮ್ಮ ಕುಂತಳು. ಕೆಚ್ಚಲು ತೊಳೆದ ನೀರನ್ನು ದೂರ ಚೆಲ್ಲಿಸಿದಳು. ಕ್ಯಾನಿನ ಮುಚ್ಚಳ ತಾನೇ ಒತ್ತಿದಳು. ಆದರೂ ಡಿಗ್ರಿ ಏರಲಿಲ್ಲ. ಇನ್ನೊಂದು ಸಲ ಹಿಂಗಾದರೆ ಆಶಾಳ ಹೆಸರು ಸಂಘದಿಂದ ತೆಗೆಯುತ್ತೇನೆ ಎಂದು ಡೈರಿ ಸೆಕ್ರೆಟರಿ ಗುರುಬಸವರಾಜ್ ಸಾಲಿನಲ್ಲಿ ನಿಂತವರೆದುರೇ ಹೇಳಿದ್ದ. ಹುಲಿಗೆಮ್ಮ, "ಕ್ಯಾನಿಗೆ ಮೊದ್ಲೇ ನೀರು ಹಾಕಿಟ್ಟಿದ್ಲೇನೋ" ಅಂದಳು.

ಮರುದಿನ ಬೆಳಿಗ್ಗೆ ಕಲ್ಲೇಶನ ಬೈಕು ಹೊರಟ ಕೂಡಲೇ ಆಶಾ ಮೆಕ್ಕೆಜೋಳದ ನಡುವಿನ ಕಾಲುದಾರಿ ಹಿಡಿದಳು. ಬೈಕು ಡೈರಿಯ ಕಡೆ ಹೋಗಿರಲಿಲ್ಲ. ತಮ್ಮದೇ ಪಂಪ್‌ಹೌಸಿನ ಮುಂದೆ ನಿಂತಿತ್ತು. ಒಳಗೆ ಕಲ್ಲೇಶ್ ಬಾಟಲಿಯಲ್ಲಿ ಹಾಲು ತುಂಬಿ ಗಡಗಡ ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ಅಂಗಿಯಿಲ್ಲದ ಗಂಡಸಿನ ಚಿತ್ರವಿದ್ದ ಕರಿ ಡಬ್ಬಿ, ಕ್ಯಾನಿಗೆ ಸುರಿಯಲು ಒಂದು ಚೊಂಬು ನೀರು.

"ಏನ್ರೀ ಇದು?"

"ಪೌಡರು. ಹೊನ್ನಾಳಿ ಅಂಗಡೀದು. ಹಾಲಾಗೇ ಕುಡಿಬೇಕಂತೆ."

"ಮನೇಲಿ ಕುಡಿದ್ರೆ ನಾನು ಬ್ಯಾಡ ಅಂತಿದ್ನಾ?"

"ಅವ್ವ ಏನಕ್ಕೆ ಅಂತ ಕೇಳ್ತಾಳೆ."

"ನಾನೂ ಅದನ್ನೇ ಕೇಳ್ತಿರೋದು."

ಕಲ್ಲೇಶ್ ಬಾಟಲಿ ಕೆಳಗಿಟ್ಟ. "ಗಂಡಸರ ಹಾರ್ಮೋನು ಏರ್ತೈತಂತೆ. ನಲವತ್ತಾದ್ಮೇಲೆ ಇಳಿತೈತಂತೆ. ಫೋನಾಗೆ ಒಬ್ಬ ಹೇಳ್ತಿದ್ದ. ಚನ್ನಗಿರಿ, ಜಗಳೂರು, ಎಲ್ಲಾ ಕಡೆ ತಗಂತಾರಂತೆ."

"ಯಾರಿಗೋಸ್ಕರ ಏರಿಸ್ಕಂತಿದೀರಿ?"

"ನಿನ್ನ ಬಿಟ್ಟು ಯಾರದಾರೆ ನನಗೆ?"

ಆಶಾ ಅವನ ಮುಖದಲ್ಲಿ ಹುಡುಕಿದಳು. ನಂಬುವಂಥದ್ದೂ ಕಾಣಲಿಲ್ಲ, ನಂಬದಂಥದ್ದೂ ಕಾಣಲಿಲ್ಲ. ಡಬ್ಬಿ ಎತ್ತಿ ಮೂಸಿದಳು. ಚಾಕ್ಲೇಟಿನ ವಾಸನೆ. ಮುಂದೆ ದಪ್ಪ ಅಕ್ಷರದಲ್ಲಿ ಗಂಡಸಿಗೆ ಬೇಕಾದ ಎಲ್ಲದರ ಭರವಸೆ. ಹಿಂದೆ, ಸಣ್ಣ ಅಕ್ಷರದಲ್ಲಿ, ಇದು ಔಷಧಿಯಲ್ಲ ಎಂದಿತ್ತು.

"ಏರೈತಾ?"

"ಗೊತ್ತಾಗ್ತಿಲ್ಲ. ಒಂದೊಂದ್ಸಲ ಎದೆ ಬಡ್ಕಂತೈತೆ."

"ಡಾಕ್ಟ್ರನ್ನ ಕೇಳಾಕೆ ನಾಚಿಕೆ, ಅಂಗಡಿಯವನನ್ನ ಕೇಳಾಕೆ ಇಲ್ಲ. ನಡೀರಿ ಡೈರಿಗೆ."

"ಅಲ್ಲಿ ಎಲ್ಲಾ ಇರ್ತಾರೆ ಆಶಾ..."

"ನನ್ನ ಹೆಸರು ಕೂಗಿದಾಗ್ಲೂ ಎಲ್ಲಾ ಇದ್ರು."

ಡೈರಿಯಲ್ಲಿ ಸಾಲು ಉದ್ದವಿತ್ತು. ಕಲ್ಲೇಶ್ ಕ್ಯಾನು ಇಳಿಸಿ ನೆಲ ನೋಡುತ್ತ ಹೇಳಿದ: "ಹಾಲು ಕುಡಿದವನು ನಾನು. ನೀರು ಹಾಕಿದವನೂ ನಾನೇ. ಇವಳದೇನೂ ಇಲ್ಲ."

"ಇನ್ನೂ ಹಾಲು ಬಿಟ್ಟಿಲ್ಲೇನೋ ಕೂಸೇ?" ಎಂದಳು ನೆರೆಮನೆಯ ಬೊಮ್ಮಕ್ಕ. ಹೆಂಗಸರು ಬಿದ್ದು ಬಿದ್ದು ನಕ್ಕರು. ಗಂಡಸರಲ್ಲಿ ಕೆಲವರು ನಗಲಿಲ್ಲ.

ಗುರುಬಸವರಾಜನೂ ನಗಲಿಲ್ಲ. ಬಗ್ಗಿ, ದನಿ ತಗ್ಗಿಸಿ ಕೇಳಿದ: "ಯಾವ್ದು, ಆ ಕರಿ ಡಬ್ಬೀದಾ?"

ಡಬ್ಬಿಯ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಆಶಾ ಅವನನ್ನೇ ದಿಟ್ಟಿಸಿದಳು. ಅವನು ಡಿಗ್ರಿ ನೋಡುವ ಗಾಜಿನ ಕೊಳವೆಯನ್ನು ಒರೆಸತೊಡಗಿದ. ಅದು ಆಗಲೇ ಒಣಗಿತ್ತು.

"ಡಬ್ಬಿ ವಿಚಾರ ನೀವೂ ಅವರೂ ಆಮೇಲೆ ಮಾತಾಡ್ಕಳ್ರಿ," ಎಂದಳು ಆಶಾ. "ಮೊದ್ಲು ನಮ್ಮತ್ತೆಗೆ ಫೋನ್ ಹಚ್ರಿ. ನೀರು ಹಾಕಿದ್ದು ಯಾರು ಅಂತ ನಿಮ್ಮ ಬಾಯಿಂದ್ಲೇ ಹೇಳ್ರಿ. ಎಲ್ಲರಿಗೂ ಕೇಳೋ ಹಂಗೆ."