ಖಂಡೇಪೂಜೆಗೆ ಆರಿದ ಲೆಕ್ಕ

೧
ಎಲ್ಲಿಂದ ಶುರು ಮಾಡಲಿ ಅಂತ ನಿಮ್ಮನ್ನೇ ಕೇಳೋಣವೆಂದರೆ ನೀವಾಗಲೇ ಓದಲು ಹತ್ತಿಬಿಟ್ಟಿರಿ. ಮೊದಲ ಡ್ರಾಫ್ಟು ಮಲಪ್ರಭೆಯಿಂದ ಶುರುವಾಗಿತ್ತು. ಹೊಳೆಯಿಂದ ಶುರುವಾಗುವ ಕಥೆಗಳು ಬೇಕಾದಷ್ಟಿವೆ ಎಂದು ಹರಿದೆ. ಎರಡನೆಯದು "೨೦೦೩ರ ಒಂದು ಮುಂಜಾನೆ" ಎಂದಿತ್ತು. ನನಗೇ ಆಕಳಿಕೆ ಬಂತು. ಇದು ಮೂರನೆಯದು. ದಣಿದಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

೨
ಅಲ್ಮಾಸ ಬೈಲಹೊಂಗಲದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಲೆಕ್ಚರರ್. ಮನೋಳಿಯಲ್ಲಿ ಮಲಪ್ರಭೆ ಹೊಳೆ ತುಂಬಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ಆಕೆಯ ಎಂ.ಟೆಕ್ ಪ್ರಬಂಧ. ದೀಪಾವಳಿಯೊಳಗೆ ಉತ್ತರ ಕೊಡದಿದ್ದರೆ ರಜಿಸ್ಟ್ರೇಶನ್ ರದ್ದು ಎಂದು ಗೈಡ್ ಹೇಳಿಬಿಟ್ಟಿದ್ದಾರೆ. ಇಂಥ ಲೆಕ್ಕದ ಸಾಫ್ಟ್‌ವೇರ್ ಕೊಳ್ಳುವ ತಾಕತ್ತು ಕಾಲೇಜಿಗಿಲ್ಲ. ಹಾಗಾಗಿ ಆಕೆ, ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ, ಲ್ಯಾಬಿನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿದಳು. ನೀರಿನ ಲೆಕ್ಕದ ಪ್ರೋಗ್ರಾಮೂ ಪುಕ್ಕಟೆಯದೇ. ಯಾರೋ ಗುರುತಿಲ್ಲದವರು ಬರೆದು, ಒಳಗಿನ ಕೋಡ್ ಸಮೇತ ಲೋಕಕ್ಕೆ ಬಿಟ್ಟುಕೊಟ್ಟದ್ದು. (ಪುಕ್ಕಟೆ ಬರೆಯುವುದು ನನಗೂ ಹೊಸದಲ್ಲ. ಆದರೆ ನನ್ನದನ್ನು ಯಾರೂ ತಿದ್ದಿ ಕಳಿಸುವುದಿಲ್ಲ, ಬೈದು ಕಳಿಸುತ್ತಾರೆ.)

ಹಳೇ ಯಂತ್ರ, ದೊಡ್ಡ ಲೆಕ್ಕ. ಗಣಪತಿ ಕಳಿಸಿದ ಮರುದಿನ ಶುರು ಮಾಡಿದ್ದು ದಸರೆ ಕಳೆಯುವಾಗ ಮುಗಿಯಬೇಕಿತ್ತು. ಹಬ್ಬದ ರಜೆ ಬಂತು. ಮಾನಿಟರ್ ಮಾತ್ರ ಆರಿಸಿ, ಲೆಕ್ಕ ಓಡುತ್ತಿರಲಿ ಎಂದು ಬಿಟ್ಟು, ಸವದತ್ತಿಯ ಮನೆಗೆ ಹೋದಳು.

೨, ಮತ್ತೊಮ್ಮೆ
ಇಲ್ಲಿ ಲ್ಯಾಬ್ ಅಟೆಂಡರ್ ಲಕ್ಕಪ್ಪನನ್ನು ಖಳನಾಯಕ ಮಾಡಬೇಕೆಂದಿದ್ದೆ. ಆಗಲಿಲ್ಲ. ಖಂಡೇಪೂಜೆಯ ದಿನ ಅವನು ಲ್ಯಾಬನ್ನೆಲ್ಲ ಗುಡಿಸಿ ಒರೆಸಿ ಮೇನ್ ಸ್ವಿಚ್ ಆರಿಸಿದ. ಯುಪಿಎಸ್ ಕೀರತೊಡಗಿತು, ಅದನ್ನೂ ಆರಿಸಿದ. ಆ ದಿನ ಆಯುಧಗಳನ್ನು ದುಡಿಸಬಾರದು. ಸುತ್ತಿಗೆ, ಸರ್ವೇ ಸರಪಳಿ, ಕಂಪ್ಯೂಟರು, ಎಲ್ಲಕ್ಕೂ ಬಿಡುವು. ಅಲ್ಮಾಸಳ ಯಂತ್ರ ಎಲ್ಲಕ್ಕಿಂತ ಹಳೆಯದೆಂದು ಅದಕ್ಕೇ ದೊಡ್ಡ ಚೆಂಡುಹೂ ಇಟ್ಟ. ನಡುವಿನ ಲೆಕ್ಕ ಉಳಿಸಿಡುವ ಏರ್ಪಾಡು ಆ ಪ್ರೋಗ್ರಾಮಿನಲ್ಲಿ ಇರಲಿಲ್ಲ. ಅಷ್ಟೂ ಹೋಯಿತು.

ರಜೆ ಮುಗಿಸಿ ಬಂದವಳಿಗೆ ಬಾಗಿಲಲ್ಲೇ ಬನ್ನಿ ಎಲೆ ಕೊಟ್ಟ, ಅವಳಿಗೆಂದೇ ಎತ್ತಿಟ್ಟದ್ದು.

"ಬನ್ನಿ ತೊಗೊಂಡ್ ಬಂಗಾರದಂಗ ಇರೂಣ್ರಿ, ಮೇಡಂ."

ತೆಗೆದುಕೊಂಡಳು. ಒಳಗೆ ಹೋಗಿ ಮುಟ್ಟಿದರೆ ಯಂತ್ರ ತಣ್ಣಗಿತ್ತು.

"ಲಕ್ಕಪ್ಪಣ್ಣಾ, ಇದು ಚಾಲೂ ಇತ್ತಲ್ರಿ... ಒಳಗ ಲೆಕ್ಕಾ ನಡದಿತ್ತು."

"ಪರದಾ ಕರ್ರಗ ಇತ್ತಲ್ರಿ!" ಲಕ್ಕಪ್ಪ ಹೊಸ್ತಿಲ ಮೇಲೆ ಕುಳಿತ. "ನವರಾತ್ರಿ ಘಟದ ಆರಬಾರದ ದೀಪ ಇದ್ದಂಗಂತ ಒಂದ್ ಮಾತ್ ಹೇಳಿದ್ರ ಮುಟ್ತಿದ್ನೇನ್ರಿ ನಾ?"

ಅವಳು ಬಾಡಿದ ಚೆಂಡುಹೂ ತೆಗೆದು ಬನ್ನಿ ಎಲೆಯ ಪಕ್ಕದಲ್ಲಿಟ್ಟಳು. ನನಗೂ ಸಂಕಟವಾಯಿತು, ಬರೆದದ್ದು ನಾನೇ ಆದರೂ.

೪
(ಮೂರು ಎಲ್ಲಿ ಎಂದು ಕೇಳಬೇಡಿ. ಅದೂ ಕರೆಂಟಿನ ಜೊತೆ ಹೋಯಿತು.)

ಅಂತ್ಯ ಅ: ಗೈಡ್ ಕರಗಿ ಇನ್ನಷ್ಟು ಗಡುವು ಕೊಟ್ಟರು.

"ನಮ್ಮ ಸರ್ ನಿಮಗ ಗೊತ್ತಿಲ್ರಿ," ಅಂದಳು ಅಲ್ಮಾಸ.

ಅಂತ್ಯ ಆ: ಪ್ರೋಗ್ರಾಮ್ ಬರೆದ ಅಪರಿಚಿತ ಈಮೇಲ್ ಕಳಿಸಿ ಕಾಪಾಡಿದ.

"ಅವರ್ಯಾಕ ಬೇಕ್ರಿ? ಕೋಡ್ ತೆರದ ಐತಿ. ನಾನ ಓದತೇನಿ."

ಓದಿದಳು. ನೀರೇ ಹತ್ತದ ಹೊಲಗಳಿಗೂ ಪ್ರೋಗ್ರಾಮು ಸುಮ್ಮನೆ ಲೆಕ್ಕ ಹಾಕುತ್ತಿತ್ತು. ಒಣ ನೆಲವನ್ನು ಬಿಟ್ಟು ಮುಂದೆ ಹೋಗುವಂತೆ ತಿದ್ದಿದಳು; ಓಟ ಜೋರಾಯಿತು. ನಡುವೆ ಉಳಿಸಿಡುವುದನ್ನೂ ಸೇರಿಸಲು ನೋಡಿದಳು, ಅದು ಕೆಟ್ಟಿತು, ಕೈಬಿಟ್ಟಳು. ಮತ್ತೆ ಮೊದಲಿನಿಂದ ಓಡಿಸಿದಳು. ಎಲ್ಲೂ ನಿಲ್ಲದಿದ್ದರೆ ದೀಪಾವಳಿಗೆ ಮುಟ್ಟಬಹುದು.

ಮುಟ್ಟಿತೋ ಇಲ್ಲವೋ? ಓದುಗರೇ, ನನಗೆ ನಿಜವಾಗಿಯೂ ಸಾಕಾಗಿದೆ. ಹೂಂ ಅನ್ನಿ, "ಮುಟ್ಟಿತು" ಎಂದು ಬರೆದು ಮಲಗುತ್ತೇನೆ.

"ಹಂಗ್ ಬರದ್ರ ಅದು ನಿಮ್ಮ ಉತ್ತರ ಆಕ್ಕೈತಿ," ಅಂದಳು ಅಲ್ಮಾಸ. "ನನಗ ಹೊಳಿದು ಬೇಕು."

ಹಾಗಾದರೆ ಇಲ್ಲಿಗೇ ನಿಲ್ಲಿಸುತ್ತೇನೆ ಎಂದು ಪೂರ್ಣವಿರಾಮಕ್ಕೆ ಕೈ ಹಾಕಿದೆ. ಮೇನ್ ಸ್ವಿಚ್ಚಿನ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತಿದ್ದ ಲಕ್ಕಪ್ಪ ಎದ್ದು ನಿಂತು ಅಡ್ಡ ಬಂದ.

"ಮುಟ್ಟಬ್ಯಾಡ್ರಿ ಸಾಹೇಬ್ರ. ಪರದಾ ಕರ್ರಗ ಕಂಡ್ರೂ ಒಳಗ ನಡದೈತಿ"