ತೊಂಬತ್ತು ದಿನಕ್ಕೊಂದು ಸಹಿ

ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಶಿವಯ್ಯ ಪೊಲೀಸರಿಗೆ ಹೇಳಿದ ಮೊದಲ ಸುಳ್ಳು, ಒಡಹುಟ್ಟಿದ ತಂಗಿ ಈ ಊರಲ್ಲೇ ಇಲ್ಲ ಅನ್ನುವುದು. ಕೊರವಂಗಲದ ಮನೆಯ ಜಗುಲಿ ಮೇಲೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದ. ಪೇದೆ ಮೋಹನ್‌ಕುಮಾರ್ ಬೈಕಿನಿಂದಿಳಿದು ಯಶೋಧರಾ ಮೇಡಂ ಮನೆ ಇದೇನಾ ಎಂದು ಕೇಳಿದರೆ, ತಲೆಯನ್ನೂ ಎತ್ತದೆ, ಅಂಥವರು ಇಲ್ಲಿ ಯಾರೂ ಇಲ್ಲ, ಇದ್ದಿದ್ದರೂ ಬಿಟ್ಟುಹೋಗಿ ಬಹಳ ಕಾಲವಾಯಿತು ಎಂದುಬಿಟ್ಟ. ಎದುರಿಗೇ ಅಂಗಳದ ತಂತಿಯ ಮೇಲೆ ಆಯಮ್ಮನ ಎರಡು ಸೀರೆ ಒಣಗುತ್ತಿದ್ದವು. ಪೇದೆ ಪಾಪ, ನಂಬಿ ಬರೆದುಕೊಂಡು ಹೋದ.

ಯಶೋಧರಾ ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದು ಹೋದ ವರ್ಷ ರಿಟೈರ್ ಆದವಳು. ಮದುವೆಯ ಗೋಜಿಗೆ ಹೋದವಳಲ್ಲ. ಅಣ್ಣ, ಅಣ್ಣನ ಮಗ ಕೀರ್ತಿರಾಜ್, ಸೊಸೆ ಇರುವ ಈ ಮನೆಗೇ ಬಂದು ಸೇರಿಕೊಂಡಿದ್ದಳು. ರಿಟೈರಾದ ಖುಷಿಗೆ ಹಾಸನದ ಬೌದ್ಧ ಬಂಧುಗಳ ಜೊತೆ ಥಾಯ್ಲೆಂಡ್ ನೋಡಲು ಹೋದವಳು, ಚಿಯಾಂಗ್‌ಮಾಯ್‌ನ ಒಂದು ವಿಹಾರದಲ್ಲಿ ಹತ್ತು ದಿನ ಧ್ಯಾನಕ್ಕೆ ಕೂತು, ಮನಸ್ಸನ್ನು ಅಲ್ಲೇ ಬಿಟ್ಟು ಬಂದಳು. ಐವತ್ತು ದಾಟಿದ ನಿವೃತ್ತರಿಗೆ ಆ ದೇಶದವರು ಒಂದು ವರ್ಷದ ವೀಸಾ ಕೊಡುತ್ತಾರಂತೆ. ಅರ್ಜಿ ಹಾಕುತ್ತೇನೆ ಅಂದಳು. ಯಾಕವ್ವ, ಇಲ್ಲಿ ಏನು ಕಡಿಮೆಯಾಗಿದೆ ಎಂದು ಶಿವಯ್ಯ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಒಂದೇ.

"ಹತ್ತು ದಿನ ಇದ್ದೆ ಅಣ್ಣಯ್ಯ. ಒಬ್ರೂ ಯಾವ ಜನ ಅಂತ ಕೇಳ್ಲಿಲ್ಲ."

ಆ ಮಾತು ಕೇಳಿ ಶಿವಯ್ಯ ಹೋಗು ಅಂದ. ಅವನೇ ಅವಳ ಜೊತೆ ಹಾಸನಕ್ಕೆ ಹೋಗಿ ಡಾಕ್ಟರ ಸರ್ಟಿಫಿಕೇಟಿಗೆ ಅರ್ಧ ದಿನ ಕಾದು ಬಂದ. ಬ್ಯಾಂಕಿನ ಕಾಗದ, ವಿಮೆಯ ಕಾಗದ ಎಲ್ಲ ಸೇರಿದವು. ಇವಳ ಮೇಲೆ ಯಾವ ಕೇಸೂ ಇಲ್ಲ ಅಂತ ಪೊಲೀಸರು ಮನೆಗೆ ಬಂದು ವಿಚಾರಿಸಿ ಕೊಡುವ ಕಾಗದವೊಂದು ಬಾಕಿ ಇತ್ತು. ಅಷ್ಟರಲ್ಲಿ ಒಂದು ಸಂಜೆ ಯಶೋಧರಾ ಕನ್ನಡಕ ಏರಿಸಿಕೊಂಡು, ಅಲ್ಲಿ ಪಾಲಿಸಬೇಕಾದ ನಿಯಮಗಳನ್ನು ಪಾಠ ಮಾಡುವ ಹಾಗೆ ಅಣ್ಣನಿಗೆ ಓದಿ ಹೇಳಿದಳು. ಬಾಡಿಗೆ ಮನೆಯ ಯಜಮಾನ ತನ್ನಲ್ಲಿ ಇಂಥವರು ಇದ್ದಾರೆಂದು ತಿಳಿಸಬೇಕು. ಹೇಳದೆ ಕೇಳದೆ ದೇಶ ಬಿಟ್ಟರೆ ವೀಸಾ ಹೋಯಿತು. ತೊಂಬತ್ತು ದಿನಕ್ಕೊಮ್ಮೆ ಇಮಿಗ್ರೇಷನ್ ಪೊಲೀಸ್ ಆಫೀಸಿಗೆ ವರದಿ ಮಾಡಿಕೊಳ್ಳಬೇಕು, ತಪ್ಪಿದರೆ ದಂಡ.

ಶಿವಯ್ಯ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. ಪೊಲೀಸ್ ಆಫೀಸಿಗಾ ಎಂದು ಕೇಳಿದ. ಹೌದು ಎಂದು ಅವಳು ಮುಂದಿನ ಪುಟಕ್ಕೆ ಹೋದಳು. ಅವನ ಕಿವಿಗೆ ಆಮೇಲೆ ಏನೂ ಬೀಳಲಿಲ್ಲ.

ವರದಿ ಮಾಡಿಕೊಳ್ಳುವುದು ಅಂದರೇನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾಲ್ವರು ಗೆಳೆಯರನ್ನು ಕಟ್ಟಿಕೊಂಡು ಒಂದು ಹೋಟೆಲಿನ ಒಳಗೆ ಹೋಗಿ, ಬೆಂಚಿನ ಮೇಲೆ ಕೂತು, ಟೀ ಕೇಳಿದ್ದ. ಏಟು ತಿಂದವರು ಇವರೇ, ಕೇಸು ಬಿದ್ದದ್ದೂ ಇವರ ಮೇಲೇ. ಜಾಮೀನು ಸಿಕ್ಕಿತು, ಆದರೆ ಭಾನುವಾರ ಭಾನುವಾರ ಠಾಣೆಗೆ ಹೋಗಿ ಸಹಿ ಹಾಕಬೇಕು ಅಂದರು. ಹದಿನಾಲ್ಕು ತಿಂಗಳು ಹಾಕಿದ. ಬೆಳಗ್ಗೆ ಹೋದವನನ್ನು ಮಧ್ಯಾಹ್ನದವರೆಗೆ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ, ಆಮೇಲೆ ರಿಜಿಸ್ಟರನ್ನು ನೆಲದ ಮೇಲೆ ತಳ್ಳುತ್ತಿದ್ದರು. ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಆ ಗೋಡೆಯ ಬುಡದಲ್ಲಿ ಈಗ ಬಿಳಿಕೂದಲಿನ ತನ್ನ ತಂಗಿ ಕೂರುವುದನ್ನು ಅವನು ಕಣ್ಣಾರೆ ಕಂಡುಬಿಟ್ಟ. ಅದಕ್ಕೇ, ಪೇದೆ ಬಂದ ದಿನ, ನಾಲಿಗೆ ತಾನಾಗಿ ಹೊರಳಿತು.

ಹದಿನೈದು ದಿನಕ್ಕೆ ಪೊಲೀಸರ ಕಾಗದಕ್ಕೆ ಹಾಕಿದ್ದ ಅರ್ಜಿ ವಾಪಸು ಬಂತು, ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲ ಅಂತ. ಡಾಕ್ಟರ ಸರ್ಟಿಫಿಕೇಟಿನ ಅವಧಿ ಮುಗಿಯುತ್ತಾ ಬಂದಿತ್ತು. ಪೊಲೀಸರ ಕಾಗದ ಬೇಗ ಬರದಿದ್ದರೆ ಎಲ್ಲ ಮೊದಲಿಂದ. ಯಶೋಧರಾ ಸೀದಾ ಠಾಣೆಗೆ ಹೋದಳು. ಜಗುಲಿ ಮೇಲೆ ಹುರುಳಿ ಕೇರುತ್ತಿದ್ದ ಯಜಮಾನರೇ ಹೇಳಿದ್ದು ಮೇಡಂ ಎಂದು ಮೋಹನ್‌ಕುಮಾರ್ ಹೇಳಿದ.

ಮನೆಗೆ ಬಂದವಳು ಜಗಳ ಆಡಲಿಲ್ಲ. ಆಡಿದ್ದರೆ ಶಿವಯ್ಯನಿಗೆ ಸುಲಭವಾಗುತ್ತಿತ್ತು. ಮುದ್ದೆ ಬಡಿಸಿ, ಸಾರು ಹಾಕಿ, ಎದುರಿಗೆ ಕೂತು, ನಾನು ಹೋಗುವುದು ನಿನಗೆ ಇಷ್ಟವಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದಳು. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

"ಓಗ್ಬ್ಯಾಡ ಅಂತ ಅಲ್ಲ ಕಣವ್ವ. ಅಷ್ಟು ಮಕ್ಳಿಗೆ ಇದ್ಯೆ ಕಲ್ಸಿದೋಳು ನೀನು. ಠಾಣೆ ಮುಂದೆ ಕುಂತ್ಕಂಡು ಸಯ್ನು ಆಕ್ತೀಯಾ? ಈ ಮನೇಲಿ ನಾನೊಬ್ಬ ಆಕಿದ್ದು ಸಾಲ್ದಾ?"

ಯಶೋಧರಾ ಮೊದಲು ನಕ್ಕಳು. ನಗುತ್ತಿದ್ದ ಹಾಗೇ ಅವಳ ಕಣ್ಣು ತುಂಬಿ ಬಂತು. ಆ ಭಾನುವಾರಗಳಲ್ಲಿ ಅವಳು ಹನ್ನೆರಡು ವರ್ಷದವಳು, ಅವಳಿಗೂ ಎಲ್ಲ ನೆನಪಿತ್ತು. ಅಣ್ಣನ ಕೈ ಹಿಡಿದುಕೊಂಡು ನಿಧಾನವಾಗಿ ಬಿಡಿಸಿ ಹೇಳಿದಳು. ಅದು ಆರೋಪಿಗಳ ಸಹಿಯಲ್ಲ. ಹೊರದೇಶದಿಂದ ಬಂದು ಇರುವವರು ಯಾರೇ ಆಗಲಿ, ಅದೇ ಮನೆಯಲ್ಲಿದ್ದೀರಾ ಅಂತ ಕೇಳುತ್ತಾರೆ, ಅಷ್ಟೇ. ಟೋಕನ್ ಕೊಡುತ್ತಾರೆ, ಕುರ್ಚಿ ಹಾಕಿರುತ್ತಾರೆ. ಅಂಚೆಯಲ್ಲೂ ಕಳಿಸಬಹುದು.

"ಬಿಳೇ ಜನಾನೂ ಓಗ್ಬೇಕಾ?" ಎಂದು ಶಿವಯ್ಯ ಕೇಳಿದ.

"ಅವ್ರೂ ಹೋಗ್ಬೇಕು."

"ಬ್ಯಾರೆ ಸಾಲಾ?"

"ಒಂದೇ ಸಾಲು ಅಣ್ಣಯ್ಯ."

ಶಿವಯ್ಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಮುದ್ದೆ ಪೂರ್ತಿ ಉಂಡ.

ಮಾರನೇ ದಿನ ಮುಖಕ್ಷೌರ ಮಾಡಿಸಿ, ಒಗೆದ ಪಂಚೆ ಉಟ್ಟು, ತಂಗಿಗೂ ಹೇಳದೆ ಹಾಸನದ ಬಸ್ಸು ಹತ್ತಿದ. ಠಾಣೆಯ ಗೇಟಿನವರೆಗೆ ಹೋಗಿ ಎರಡು ಸಲ ಹಿಂದಕ್ಕೆ ಬಂದ. ಸುಮಾರು ಐವತ್ತು ವರ್ಷ ಆ ಬಾಗಿಲ ಕಡೆ ಸುಳಿಯದೆ ಬದುಕಿದ ಮನುಷ್ಯ. ಕೊನೆಗೆ ತನ್ನನ್ನೇ ಬೈದುಕೊಂಡು ಒಳಗೆ ಹೋಗಿ ಮೋಹನ್‌ಕುಮಾರನ ಮೇಜಿನ ಮುಂದೆ ನಿಂತ.

"ನಾನು ಸುಳ್ಳೇಳ್ಬುಟ್ಟೆ ಸಾ. ಅವ್ಳು ನನ್ ತಂಗಿ."

ಬೈಯಲು ಬಾಯಿ ತೆಗೆದ ಪೇದೆ ಮುದುಕನ ಒಗೆದ ಪಂಚೆಯನ್ನೂ ಆಗಷ್ಟೇ ಕ್ಷೌರವಾದ ಮುಖವನ್ನೂ ನೋಡಿ ದನಿ ಇಳಿಸಿದ. ಕೂರಿ ಯಜಮಾನ್ರೇ ಎಂದು ಕುರ್ಚಿ ಎಳೆದ. ನಾಳೆ ಬಂದು ಅಕ್ಕಪಕ್ಕದವರನ್ನೂ ವಿಚಾರಿಸುತ್ತೇನೆ, ಈಗ ನಿಮ್ಮ ಹೇಳಿಕೆ ಬರೆದುಕೊಳ್ಳುತ್ತೇನೆ, ಕಾಗದ ಈ ವಾರವೇ ಹೋಗುತ್ತದೆ ಎಂದ. ಬರೆದು ಮುಗಿಸಿ ಗಟ್ಟಿಯಾಗಿ ಓದಿದ: "ಸದರಿ ಯಶೋಧರಾರವರು ನನ್ನ ಒಡಹುಟ್ಟಿದ ತಂಗಿಯಾಗಿದ್ದು, ನನ್ನ ಮನೆಯಲ್ಲಿ ನನ್ನೊಂದಿಗೇ ವಾಸವಾಗಿರುತ್ತಾರೆ."

ಶಿವಯ್ಯ ಪೆನ್ನು ತೆಗೆದುಕೊಂಡ. ಆಗ ಅವನಿಗೆ ಹೊಳೆಯಿತು: ನನ್ನ ಜೊತೆಗಿದ್ದಾಳೆ ಅಂತ ತಾನು ಬರೆದುಕೊಟ್ಟರೇನೇ ಅವಳು ಹೊರಡುವುದು. ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು.

"ಇನ್ನೊಂದ್ಸಲ ಓದಿ ಸಾ" ಅಂದ.

ಮೋಹನ್‌ಕುಮಾರ್ ಓದಿದ. ಶಿವಯ್ಯ ಕೊನೆಯ ಅಕ್ಷರದವರೆಗೂ ಕೇಳಿಸಿಕೊಂಡು ಸಹಿ ಹಾಕಿದ.