ಏಳನೇ ಅರ್ಥದ ಒಂಬತ್ತು ಕಾರ್ಡುಗಳು

ಆ ನಿಘಂಟು ಕಚೇರಿಯಲ್ಲಿ ಎಲ್ಲರೂ ಅಕ್ಕನಿಗೆ ಇಟ್ಟಿದ್ದ ಹೆಸರು ಭೂತಗನ್ನಡಿ. ಎದುರಿಗೆ ಹಾಗೆ ಕರೆದವರಿಲ್ಲ, ಬೆನ್ನ ಹಿಂದೆ ಕರೆಯದವರೂ ಇಲ್ಲ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಜನರ ಬಾಯಲ್ಲಿ ದಿನಾ ಓಡಾಡುವ ಇಂಗ್ಲಿಷ್ ಪದಗಳನ್ನು ಹಿಡಿದು, ಯಾರು ಯಾವ ಅರ್ಥದಲ್ಲಿ ಆಡುತ್ತಾರೆ ಎಂದು ಬರೆದಿಡುವುದು ಅಲ್ಲಿನ ಕೆಲಸ. ಕೇಳಿದ ಒಂದೊಂದು ಮಾತಿಗೂ ಒಂದೊಂದು ಕಾರ್ಡು. ಮೇಲೆ ಆಡಿದ ಮಾತು, ಕೆಳಗಿನ ಪುಟ್ಟ ಚೌಕದಲ್ಲಿ ಅದನ್ನು ಯಾರು, ಯಾವ ಪ್ರಶ್ನೆಗೆ ಹೇಳಿದರು ಎಂಬ ವಿವರ, ಹಿಂಬದಿಯಲ್ಲಿ ‘ಹೌದು, ನಾನೇ ಹೇಳಿದ್ದು’ ಎಂದು ಮಾತಾಡಿದವರ ಸಹಿ. ಸಹಿಯಿಲ್ಲದ ಕಾರ್ಡು ಅಚ್ಚಿಗೆ ಹೋಗುವಂತಿಲ್ಲ. ಹೋಗದಂತೆ ನೋಡಿಕೊಳ್ಳುವವಳೇ ಅಕ್ಕ.

ಇಷ್ಟು ಬಿಗಿ ಯಾಕೆಂದರೆ, ಮೈಗಳ್ಳರು ಮನೆಯಲ್ಲಿ ಕೂತು ಮಾತು ಹೊಸೆದು ತಂದುಬಿಡುತ್ತಾರೆ. ಎರಡು ವರ್ಷದ ಹಿಂದೆ ಒಬ್ಬ ಮಹಾನುಭಾವ ‘ಸಾರಿ’ ಪದಕ್ಕೆ ಮೂವತ್ತು ಕಾರ್ಡು ತಂದಿದ್ದ. ಮೂವತ್ತು ಜನರ ಸಹಿಯಲ್ಲೂ ಬಾಲ ಒಂದೇ ಕಡೆಗೆ ತಿರುಗಿತ್ತು. ಅಕ್ಕ ಹಿಡಿದಳು, ಅವನು ಅವತ್ತೇ ಚೀಲ ಹೆಗಲಿಗೇರಿಸಿ ಹೊರಟ. ಕೆಲಸದ ಮುಂದೆ ಒಡಹುಟ್ಟಿದವರಾದರೂ ಅಷ್ಟೇ ಎಂದು ಅವಳು ಆಗ ಎಲ್ಲರೆದುರು ಹೇಳಿದ್ದಳು. ಆರು ತಿಂಗಳ ಹಿಂದೆ ಒಡಹುಟ್ಟಿದ ತಂಗಿಯೇ ಅವಳ ಶಿಫಾರಸಿನ ಮೇಲೆ ಪದ ಸಂಗ್ರಹಿಸುವ ಕೆಲಸಕ್ಕೆ ಸೇರಿದಳು. ಆಡಿದ ಮಾತು ಬಾಗಿಲಲ್ಲೇ ಕಾಯುತ್ತಿರುತ್ತದೆ ಅನ್ನುವುದು ಸುಳ್ಳಲ್ಲ.

ಇನ್ನೊಂದು ಸಂಗತಿ ಅಕ್ಕ ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ವರ್ಷದಿಂದ ಅವಳ ಕಣ್ಣು ಮಂಜಾಗುತ್ತಿತ್ತು. ಮೊದಲು ಬಲ್ಬನ್ನು ಬೈದಳು, ಆಮೇಲೆ ಮಸಿಯನ್ನು. ಈಗ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು, ಡ್ರಾಯರಿನಲ್ಲಿ ಬಚ್ಚಿಟ್ಟ ನಿಜವಾದ ಭೂತಗನ್ನಡಿ ತೆಗೆದು, ಹಿಂದಿನ ದಿನದ ಕಾರ್ಡುಗಳನ್ನು ಒಬ್ಬಳೇ ಓದಿ ಮುಗಿಸುತ್ತಿದ್ದಳು. ಕಣ್ಣಿಲ್ಲದ ಪರಿಶೀಲಕಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಆ ಭಯ ಅವಳನ್ನು ಒಳಗೇ ತಿನ್ನುತ್ತಿತ್ತು.

ಆ ಶುಕ್ರವಾರ ಮಾತ್ರ ಕಟ್ಟು ಮಧ್ಯಾಹ್ನ ಬಂತು, ಎಲ್ಲರೂ ಕೂತಿರುವಾಗ. ‘ಓಕೆ’ ಪದದ ಕಟ್ಟು. ನೋಡಲು ಎರಡೇ ಅಕ್ಷರ, ಒಳಗೆ ಹೊಕ್ಕರೆ ದೊಡ್ಡ ಸಂಸಾರ. ಒಪ್ಪಿದವರೂ ಓಕೆ, ಸಾಕೆಂದವರೂ ಓಕೆ. ಕ್ಷೌರಿಕ ಕನ್ನಡಿ ಹಿಡಿದು ಕೇಳುವ ಓಕೆ ಬೇರೆ, ಹೊಸ ಅಂಗಿ ಹೇಗಿದೆ ಎಂದು ಕೇಳಿದಾಗ ಹೆಂಡತಿ ಎಳೆದು ಹೇಳುವ ಓಕೆ ಬೇರೆ. ಆರು ಅರ್ಥಗಳಿಗೆ ಸಹಿಯೆಲ್ಲ ಸರಿಯಾಗಿತ್ತು. ಏಳನೆಯದರ ಮೇಲೆ ಸಂಪಾದಕರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು: ‘ಮಾತು ಮುಗಿಸಲು ಹೇಳುವುದು, ಒಪ್ಪಿಗೆಯಲ್ಲ.’ ಒಂಬತ್ತು ಕಾರ್ಡು, ಒಂಬತ್ತೂ ತಂಗಿಯವು, ಒಂದಕ್ಕೂ ಸಹಿ ಇಲ್ಲ. ಸಹಿಯಿಲ್ಲದ ಕಾರ್ಡಿನ ಚೌಕದವರೆಗೆ ಓದುವವರಲ್ಲ ಅವರು; ಹೊಸೆದದ್ದೋ ನಿಜವೋ, ಸಂಜೆಯೊಳಗೆ ತಿಳಿಸಿ ಎಂದು ಹೇಳಿ ಕಳಿಸಿದ್ದರು. ಹೊಸೆದದ್ದಾದರೆ ತಂಗಿಗೂ ಚೀಲವೇ ಗತಿ.

ಅಕ್ಕ ಕಾರ್ಡು ಹರಡಿಕೊಂಡಳು. ‘ಓಕೆ ಓಕೆ, ನೋಡೋಣ ಬಿಡು.’ ‘ಓಕೆ ಕಣೇ, ಆಯ್ತು.’ ಅಷ್ಟಷ್ಟೇ. ಅದೂ ಎಂಥ ಅಕ್ಷರ! ಬೇರೆಯವರು ಇರುವೆ ಸಾಲಿನಂತೆ ಬರೆಯುವಲ್ಲಿ ಇವಳದು ಕಾರ್ಡು ತುಂಬ ಗುಂಡುಗುಂಡಗೆ. ಸರಕಿಲ್ಲದವರೇ ಜಾಗ ತುಂಬಿಸುವುದು ಎಂದು ಅಕ್ಕನಿಗೆ ಅನ್ನಿಸಿತು. ಕೆಳಗಿನ ಚೌಕದಲ್ಲಿ ಏನೋ ಸಣ್ಣಗೆ ಗೀಚಿತ್ತು. ಡ್ರಾಯರಿಗೆ ಕೈ ಹೋಯಿತು, ಎದುರಿನ ಮೇಜಿನವರು ತಲೆಯೆತ್ತಿದ ಹಾಗಾಯಿತು, ಕೈ ಹಿಂದೆ ಬಂತು. ಮೇಲಿನ ಮಾತೇ ಸುಳ್ಳಾದ ಮೇಲೆ ಚೌಕದಲ್ಲೇನು ಸತ್ಯ ಕೂತಿರುತ್ತದೆ ಎಂದು ಕಾರ್ಡು ಮಗುಚಿಟ್ಟಳು.

ಒಮ್ಮೆ ಅನುಮಾನ ಹೊಕ್ಕಿತೋ, ಹಳೆಯದೆಲ್ಲ ಸಾಕ್ಷಿ ಹೇಳಲು ಸಾಲುಗಟ್ಟಿ ಬಂತು. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಹೋದ ವಾರ ಅಕ್ಕ ಅಡುಗೆಮನೆಗೆ ಕಾಲಿಟ್ಟಾಗ ತಂಗಿ ಏನನ್ನೋ ತಟ್ಟೆಯ ಕೆಳಗೆ ತಳ್ಳಿದ್ದಳು. ಏನದು ಎಂದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಾನೇನೂ ಬರೀತಿರಲಿಲ್ಲ ಅಂದಿದ್ದಳು. ಬರೆಯುತ್ತಿದ್ದೀಯಾ ಎಂದು ಕೇಳಿದವರಾರು? ಮೊನ್ನೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದವಳು ಅಕ್ಕನನ್ನು ಕಂಡು ಪಟ್ಟನೆ ಇಟ್ಟಿದ್ದಳು. ನಿನ್ನೆ ಊಟದ ಹೊತ್ತಿಗೆ ಹೇಳದೆ ಕೇಳದೆ ಎಲ್ಲೋ ಹೋಗಿ ಬಂದಿದ್ದಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು, ನನ್ನ ಮನೆಯಲ್ಲೇ! ಅಕ್ಕನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು.

ಚಹಾದ ಹೊತ್ತಿಗೆ ಎಲ್ಲರೂ ಎದ್ದು ಹೋದರು. ಅಕ್ಕ ತಂಗಿಯನ್ನು ಕರೆದು ಕಾರ್ಡುಗಳನ್ನು ಮುಂದೆ ತಳ್ಳಿದಳು.

“ಇದೆಲ್ಲ ಯಾರು ಹೇಳಿದ್ದು?”

ತಂಗಿ ಕಾರ್ಡು ನೋಡಿದಳು, ಅಕ್ಕನ ಮುಖ ನೋಡಿದಳು. ಸಹಿ ಯಾಕಿಲ್ಲ ಎಂದರೆ, ಕೇಳಲು ಧೈರ್ಯ ಬರಲಿಲ್ಲ ಅಂದಳು. ಹೇಳಿದವರೇ ಇಲ್ಲದಿದ್ದರೆ ಧೈರ್ಯ ಎಲ್ಲಿಂದ ಬರಬೇಕು ಎಂದು ಅಕ್ಕ ಕುಟುಕಿದಳು. ನಿನಗಾಗಿ ನನ್ನ ಮಾತು ಒತ್ತೆಯಿಟ್ಟೆನಲ್ಲ, ನನ್ನ ಮುಖಕ್ಕೆ ಮಸಿ ಬಳಿದೆಯಲ್ಲ ಎಂದು ಇನ್ನೂ ಏನೇನೋ ಅಂದಳು. ತಂಗಿ ಎಲ್ಲ ಮುಗಿಯುವ ತನಕ ಕಾದಳು.

“ಆ ಚೌಕ ಓದಿದ್ಯಾ ಅಕ್ಕಾ?”

“ಓದದೆ ಕೇಳ್ತೀನಾ?”

“ಏನಿದೆ ಹೇಳು.”

ಅಕ್ಕ ಕಾರ್ಡನ್ನು ಕಣ್ಣಿನ ಹತ್ತಿರ ತಂದಳು, ಮತ್ತೆ ದೂರ ಹಿಡಿದಳು. ತಂಗಿಯೇ ಮೇಜು ಸುತ್ತಿ ಬಂದು ಕೆಳಗಿನ ಡ್ರಾಯರು ಎಳೆದಳು. ಲೆಕ್ಕವಿಲ್ಲದಷ್ಟು ಸಲ ನೋಡಿದವಳಂತೆ ಹಳೆಯ ರಟ್ಟಿನಡಿಯಿಂದ ಭೂತಗನ್ನಡಿ ತೆಗೆದು ಅಕ್ಕನ ಕೈಗಿಟ್ಟಳು.

ಅಕ್ಕ ಓದಿದಳು. ‘ಹೇಳಿದವರು: ನನ್ನ ಅಕ್ಕ. ಪ್ರಶ್ನೆ: ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವಾ?’ ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ, ‘ಸೂಜಿಗೆ ದಾರ ಪೋಣಿಸಲು ಆಗದೆ ಅತ್ತುಬಿಟ್ಟೆಯಲ್ಲ, ಈಗಲಾದರೂ ತೋರಿಸೋಣವಾ?’ ಒಂಬತ್ತು ತಾರೀಖು, ಒಂಬತ್ತು ಸಲ ಅದೇ ಪ್ರಶ್ನೆ, ಒಂಬತ್ತು ಸಲವೂ ತಾನೇ ಹೇಳಿದ ಓಕೆ.

“ಬಾಯಲ್ಲಿ ಹೇಳಿದ್ರೆ ನೀನು ಕೇಳಲ್ಲ. ಕಾರ್ಡಾದ್ರೆ ಬಿಡದೆ ಓದ್ತೀಯ ಅಂದ್ಕೊಂಡೆ,” ಅಂದಳು ತಂಗಿ. “ನಿನಗೆ ಕಾಣ್ಲಿ ಅಂತಾನೇ ದಪ್ಪಗೆ ಬರೆದೆ. ಚೌಕದಲ್ಲಿ ಜಾಗ ಇರಲಿಲ್ಲ.”

ಫೋನು ಯಾರಿಗೆ, ನಿನ್ನೆ ಹೋಗಿದ್ದೆಲ್ಲಿಗೆ ಎಂದು ಅಕ್ಕ ಕೇಳಲಿಲ್ಲ. ಕೇಳುವ ಮುಖ ಉಳಿದಿರಲಿಲ್ಲ. ಮೂವತ್ತು ಸಹಿಯ ಬಾಲ ಹಿಡಿದವಳು ತನ್ನ ಮನೆಯವಳು ಬರೆದ ಒಂದು ಸಾಲು ಓದದೆಯೇ ಅವಳನ್ನು ಕಳ್ಳಿ ಮಾಡಿದ್ದಳು. ಕಾರ್ಡು ಹರಿದು ಹಾಕಿದರೆ ಸಂಪಾದಕರ ಕಣ್ಣಲ್ಲಿ ತಂಗಿ ಕಳ್ಳಿಯಾಗಿಯೇ ಉಳಿಯುತ್ತಾಳೆ. ಸಹಿ ಹಾಕಿದರೆ ಭೂತಗನ್ನಡಿಗೆ ಕಣ್ಣಿಲ್ಲವೆಂದು ಇಡೀ ಕಚೇರಿ ಓದುತ್ತದೆ, ಮುಂದೆ ಕೆಲಸ ಉಳಿದರೆ ಉಳಿಯಿತು, ಹೋದರೆ ಹೋಯಿತು. ಅಕ್ಕ ಪೆನ್ನು ತೆಗೆದು ಒಂಬತ್ತನ್ನೂ ಮಗುಚಿ ಹಾಕಿ, ಒಂದೊಂದಾಗಿ ಬರೆದಳು. ಹೌದು, ನಾನೇ ಹೇಳಿದ್ದು. ಕೊನೆಯ ಎರಡರಲ್ಲಿ ಸಾಲು ಸ್ವಲ್ಪ ಓರೆಯಾಯಿತು.

ಕಟ್ಟು ಕಟ್ಟಿಕೊಂಡು ಇಬ್ಬರೂ ಬಾಗಿಲಿಗೆ ಬಂದರು. ಸಂಪಾದಕರ ಕೋಣೆ ಕೆಳಗಿನ ಮಹಡಿಯಲ್ಲಿತ್ತು. ಡಾಕ್ಟರು ಇವತ್ತೇ ಐದೂವರೆಗೆ ಬರಹೇಳಿದ್ದಾರೆ, ಇದನ್ನು ಕೊಟ್ಟು ಹಾಗೇ ಹೋಗೋಣವಾ ಎಂದು ತಂಗಿ ಹತ್ತನೆಯ ಸಲ ಕೇಳಿದಳು. ಅಕ್ಕನ ತುಟಿ ಅಭ್ಯಾಸಬಲದಿಂದ ದುಂಡಗಾಯಿತು, ಅಷ್ಟಕ್ಕೇ ನಿಂತಿತು. ಅವಳು ಕಟ್ಟನ್ನು ಎಡಗೈಗೆ ಬದಲಾಯಿಸಿ ಬಲಗೈ ಚಾಚಿದಳು.

“ಕೈ ಹಿಡ್ಕೊ. ನನಗೆ ಮೆಟ್ಟಿಲಿನ ಅಂಚು ಕಾಣಲ್ಲ.”